ಮೂಡಬಿದಿರೆ ಪರಿಸರದ ಬಸದಿಗಳು, ಬೀಡುಗಳು ಮತ್ತು ಓಲೆಗ್ರಂಥಗಳು

ತುಳುನಾಡಿನ ಜೈನ ಕಟ್ಟಡಗಳ ಚರಿತ್ರೆಯನ್ನು ಬರೆಯಹೊರಟವರು ಬಸದಿಗಳಿಂದ ಆರಂಭಿಸಿ ಬಹುಮಟ್ಟಿಗೆ ಬಸದಿಗಳಲ್ಲಿಯೇ ಮುಗಿಸುವುದು ವಾಡಿಕೆಯಾಗಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಬಸದಿಯು ಶಿಲಾಮಯವಾದುದರಿಂದ ಉಳಿದುಬಂದಿದೆ; ಅದರಲ್ಲಿ ಶಾಸನವಿದ್ದು ಕಾಲನಿರ್ಣಯಕ್ಕೆ ಅನುಕೂಲವಾಗಿದೆ. ಆದರೆ ಆ ಬಸದಿಗಳನ್ನು ಕಟ್ಟಿಸಿದ, ಅವುಗಳಿಗೆ ಉಂಬಳಿ ಬಿಟ್ಟ, ಅವುಗಳಲ್ಲಿ ನೋಂಪಿಗಳನ್ನು ನೋಂತು ಶಾಸ್ತ್ರದಾನ ಮಾಡಿದ ಶ್ರಾವಕ ಶ್ರಾವಿಕೆಯರು ವಾಸಿಸಿದ ಮನೆಗಳ ವಿಚಾರದಲ್ಲಿ ನಮ್ಮ ವಿದ್ವಾಂಸರು ಹೆಚ್ಚು ಗಮನ ಕೊಟ್ಟಂತೆ ಕಾಣುವುದಿಲ್ಲ. ಹಸ್ತಪ್ರತಿಗಳ ಅಭ್ಯಾಸ ಮಾಡುವವರಿಗೆ ಈ ಮನೆಗಳು ಬಸದಿಗಳಷ್ಟೇ ಮುಖ್ಯವಾದ ಆಧಾರಗಳು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಇದರಲ್ಲಿ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಶಿಲಾಕೃತಿಗಳ ವಿಷಯ ಈ ಪತ್ರಿಕೆಯ ವಾಚಕರಿಗೆ ಸುವಿದಿತವಾದುದರಿಂದ ಅದನ್ನು ಸಂಕ್ಷೇಪವಾಗಿ ಸ್ಮರಿಸಿದರೆ ಸಾಕು. ಕಾರ್ಕಳದ ಗೊಮ್ಮಟಬಿಂಬವನ್ನು ವೀರಪಾಂಡ್ಯ ಭೈರರಸನು ಕ್ರಿ.ಶ. 1432ರಲ್ಲಿ ಪ್ರತಿಷ್ಠಾಪಿಸಿದನು. ಅದೇ ಊರಿನ ಚತುರ್ಮುಖ ಬಸದಿಯನ್ನು ಇಮ್ಮಡಿ ಭೈರರಸನು ಕ್ರಿ.ಶ. 1586ರಲ್ಲಿ ಕಟ್ಟಿಸಿದನು, ಅಲ್ಲಿ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು ನಾಲ್ಕು ದಿಕ್ಕಿಗೂ ದರ್ಶನ ಕೊಡುತ್ತವೆ. ವೇಣೂರಿನ ಗೊಮ್ಮಟನನ್ನು ತಿಮ್ಮಣ್ಣಾಜಿಲನು 1604ರಲ್ಲಿ ನಿಲ್ಲಿಸಿದನು. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗಬೇಕು. ಇವೆಲ್ಲ ಹಿಂದೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದ ಮೇಲೆ ಕಾರ್ಕಳ, ವರಂಗಗಳು ಅದಕ್ಕೆ ಸೇರಿದವು. ಇನ್ನು ಹದಿನೆಂಟು ಬಸದಿಗಳ ಮೂಡಬಿದಿರೆ ಜೈನಕಾಶಿಯೆಂದೇ ಪ್ರಸಿದ್ಧವಾದುದು. ಗ್ರಂಥಗಳಲ್ಲಿ ಇದನ್ನು ವೇಣುಪುರ, ವಂಶಪುರ ಎಂದು ಸಂಸ್ಕೃತೀಕರಿಸಿರುವುದನ್ನು ಕಾಣುತ್ತೇವೆ. ಹೊಸಬರಾದ ಅಭ್ಯಾಸಿಗಳು ವೇಣುಪುರವೆಂದೊಡನೆ ವೇಣೂರೆಂದು ಭ್ರಮಿಸುವುದುಂಟು.

ಮೂಡಬಿದಿರೆಯ ಬಸದಿಗಳಲ್ಲಿ ಎರಡರ ಮಾತನ್ನು ಮಾತ್ರ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ. ಮೊದಲನೆಯದು ಸಾವಿರ ಕಂಬದ ಬಸದಿಯೆಂದು ಜನರು ಕರೆಯುವ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯ. ವಿಜಯನಗರದ ಅಧೀನದಲ್ಲಿ ಈ ರಾಜ್ಯವನ್ನಾಳುತ್ತಿದ್ದ ದೇವರಾಯ ಒಡೆಯನ ಕಾಲದಲ್ಲಿ, ಕ್ರಿ.ಶ. 1430ರಲ್ಲಿ ಇದು ನಿರ್ಮಾಣವಾಯಿತು. ಭೈರಾದೇವಿ ಮಂಟಪವೂ ಮಾನಸ್ತಂಭವೂ ಆಮೇಲಿನವು. ಮೂರು ಅಂತಸ್ತುಗಳುಳ್ಳ ಇದರ ಇಳಿಜಾರು ಮಾಡನ್ನು ನೋಡಿ ಪಾಶ್ಚಾತ್ಯ ವಿದ್ವಾಂಸ ಫರ್ಗುಸನ್ ನೇಪಾಳದ ಕಟ್ಟಡಗಳನ್ನು ನೆನೆದನು. ಅವನ ಆ ಮಾತನ್ನು ಅನೇಕರು ಇಂದಿಗೂ ಆವರ್ತನ ಮಾಡುತ್ತಾರೆ. ನನಗೆ ತೋರುವಂತೆ ನೇಪಾಳದವರೆಗೆ ಹೋಗುವ ಅವಶ್ಯಕತೆಯಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಯಾವ ಹಳೆಯ ಮನೆಯನ್ನು ನೋಡಿದರೂ ಅದೇ ಇಳಿಜಾರು, ಗೋಡೆಯನ್ನು ಮಳೆಯಿಂದ ಕಾಯುವ ಅದೇ ಚಾಚು, ಸುತ್ತಲೂ ಅದೇ ಕಂಬಗಳ ಜಗಲಿ ಕಣ್ಣಿಗೆ ಬೀಳುತ್ತವೆ. ಮನೆಯಲ್ಲಿ ಬಡಗಿಯು ಮರದ ಹಲಗೆಯಿಂದ ಮಾಡಿದುದನ್ನು ಇಲ್ಲಿ ಕಲ್ಲುಕುಟಿಗನು ಕಲ್ಲಿನ ಹಾಸುಗಳಿಂದ ಮಾಡಿದ್ದಾನೆ. ಮೇಲಂತಸ್ತಿಗೆ ಹೋದರೆ ಕಲ್ಲನ್ನು ಬಿಟ್ಟು ಮರವನ್ನೇ ಹಿಡಿದಿದ್ದಾನೆ. ಆದುದರಿಂದ ಈ ಬಸದಿಯು ರಾಜಗೃಹದ ರೀತಿಯಲ್ಲಿ ಕಟ್ಟಿದ ಜಿನಗೃಹವೆಂದು ಹೇಳುವುದು ಯುಕ್ತವಾದೀತು. ಪಟ್ಟಣದ ಹೊರಭಾಗದ ಕೊಡಂಗಲ್ಲಿನಲ್ಲಿ ಸಾಲಾಗಿ ನಿಂತಿರುವ ಸಮಾಧಿಗಳೂ ಒಂದರ ಮೇಲೊಂದು ಮಾಡನ್ನಿಟ್ಟ ಅದೇ ಕ್ರಮದಲ್ಲಿವೆ. ಮರದ ಮನೆಗಳು ಕಣ್ಮರೆಯಾದರೆ ಈ ಕಲ್ಲಿನ ಕೃತಿಗಳ ಮೂಲವನ್ನು ಅರಿಯುವ ಸಾಧನವೂ ಕೈತಪ್ಪುತ್ತದೆ.

ಎರಡನೆಯದು ಗುರುಬಸದಿ. ಸಿದ್ಧಾಂತ ಬಸದಿಯೆಂಬ ಹೆಸರೇ ಅದರ ಮಹಿಮೆಯನ್ನು ಹೇಳುತ್ತದೆ. ಷಟ್ಖಂಡಾಗಮದ ಧವಲಾ ಟೀಕೆ, ಕಷಾಯಪ್ರಾಭೃತದ ಜಯಧವಲಾ ಮತ್ತು ಮಹಾಬಂಧಗಳ ಪ್ರಾಚೀನ ತಾಡಪತ್ರಪ್ರತಿಗಳು ಶತಮಾನಗಳ ಕಾಲ ಇಲ್ಲಿ ದರ್ಶನಕ್ಕೆ ಮಾತ್ರ ದೊರೆಯುತ್ತ, ಪೂಜೆಗೊಳ್ಳುತ್ತ ಉಳಿದುಬಂದವು. ಹನ್ನೆರಡನೆಯ ಶತಮಾನದವೆಂದು ವಿದ್ವಾಂಸರು ನಿರ್ಣಯಿಸಿರುವ ಈ ಓಲೆಗಳಲ್ಲಿ ವರ್ಣಚಿತ್ರಗಳೂ ಇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳು, ಗಜಪತಿ ಉಪಾಧ್ಯಾಯರು ಮೊದಲಾದವರಿಂದ ಪ್ರತಿಮಾಡುವ ಕಾರ್ಯ ಆರಂಭವಾಗಿ 1922ರ ವೇಳೆಗೆ ಮುಗಿಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಪ್ರಥಮ ಸಂಪುಟ 1939ರಲ್ಲಿ ಅಚ್ಚಾದುದು ನಮ್ಮ ಸಮಾಜದ ಚರಿತ್ರೆಯಲ್ಲಿ ಮರೆಯಲಾಗದ ಘಟನೆ. ಕರಾವಳಿಯ ತೇವದಲ್ಲಿ ಓಲೆಯೊಂದು ಇಷ್ಟು ಶತಮಾನ ಬಾಳಬೇಕಾದರೆ ಪೂಜ್ಯಭಾವದೊಡನೆ ಒಳ್ಳೆಯ ಕಟ್ಟಡವೂ ಬೇಕು. ದಪ್ಪ ಗೋಡೆಯ, ಬಿಸಿಲು ಹೊಗದ, ಮಳೆ ತಾಗದ ಕಲ್ಲಿನ ಕೋಣೆ ಇಲ್ಲದಿದ್ದರೆ ಇಂದು ಸಿದ್ಧಾಂತಗ್ರಂಥಗಳ ಹೆಸರು ಮಾತ್ರ ನಮಗೆ ಉಳಿಯುತ್ತಿತ್ತು.

ಸಿದ್ಧಾಂತಗ್ರಂಥಗಳನ್ನು ಬಸದಿಯೂ ಮಠವೂ ಕಾಪಾಡಿದವು. ಆದರೆ ಕಾವ್ಯ, ಚರಿತೆ, ನೋಂಪಿಯ ಕಥೆ, ವೈದ್ಯ, ಜ್ಯೋತಿಷ, ಸ್ತೋತ್ರ, ಲೆಕ್ಕಪತ್ರ ಇವುಗಳ ಬಹುಭಾಗವು ಮನೆಗಳಲ್ಲಿಯೇ ಇದ್ದಿತು. ಯಾವ ಮನೆಗಳು? ಅರಸುಮನೆತನಗಳ ಅರಮನೆಗಳು, ಹೆಗ್ಗಡೆ ಬಲ್ಲಾಳರ ಬೀಡುಗಳು, ಗ್ರಾಮದ ಹಿರಿತನವುಳ್ಳ ಗುತ್ತುಗಳು ಮತ್ತು ಬಸದಿಯ ಪೂಜೆ ಮಾಡುವ ಇಂದ್ರರ ಮನೆಗಳು. ಅರಮನೆಯೆಂದರೆ ಘಟ್ಟದ ಮೇಲಿನವರು ಮೈಸೂರನ್ನು ನೆನೆಯುತ್ತಾರೆ. ಇಲ್ಲಿಯ ಅರಮನೆಯು ದೊಡ್ಡದೊಂದು ರೈತನ ಮನೆಯಂತೆಯೇ ಇದೆ: ಮುರಕಲ್ಲಿನ ಗೋಡೆ, ಅಂಗಳ, ಚಾವಡಿ, ಒಳಗೆ ನಡು ಅಂಗಳ, ಅದರ ಸುತ್ತ ಕೋಣೆಗಳು, ಮೇಲೆ ಮರದ ಮುಚ್ಚಿಗೆಯ ಉಪ್ಪರಿಗೆ. ಮಾಡು ಹಿಂದೆ ಮುಳಿಹುಲ್ಲಿನದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಕ್ರಮವಾಗಿ ಹೆಂಚು ಬಂದಿತು.

ಇವುಗಳಲ್ಲಿ ಎಲ್ಲರೂ ನೋಡಲೇಬೇಕಾದುದು ಮೂಡಬಿದಿರೆಯ ಚೌಟರ ಅರಮನೆ. ಉಳ್ಳಾಲ, ಪುತ್ತಿಗೆ, ಮೂಡಬಿದಿರೆಗಳನ್ನು ನೆಲೆಯಾಗಿ ಮಾಡಿಕೊಂಡು ಆಳಿದ ಜೈನ ಅರಸರು ಚೌಟರು. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕದೇವಿ ಈ ವಂಶದವಳು. ಅರಮನೆಯ ಚಾವಡಿಯ ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು ಕೂಡಿ ಆನೆಯಾದ ನವನಾರೀಕುಂಜರವನ್ನೂ ಐವರು ಕೂಡಿ ಕುದುರೆಯಾದ ಪಂಚನಾರೀತುರಗವನ್ನೂ ಕೊರೆದಿದ್ದಾರೆ. ಯಾತ್ರಿಕರು ಅವನ್ನು ನೋಡಿ ಬೆರಗಾಗಿ ಹೋಗುತ್ತಾರೆ. ಆದರೆ ಹಸ್ತಪ್ರತಿಗಳ ಅಭ್ಯಾಸಿಯು ಕಂಬದಿಂದ ಕಣ್ಣನ್ನು ಮೇಲೆತ್ತಿ ತೊಲೆಯನ್ನೂ ಬಾಗಿಲವಾಡವನ್ನೂ ಅಟ್ಟದ ಏಣಿಯನ್ನೂ ನೋಡಬೇಕು. ಇದೇ ಮಾತು ಅಳದಂಗಡಿಯ ಅಜಿಲರ ಅರಮನೆಗೂ ಧರ್ಮಸ್ಥಳದ ನೆಲ್ಯಾಡಿ ಬೀಡಿಗೂ ಸಲ್ಲುತ್ತದೆ.

ಮನೆಯೊಳಗೆ ಗ್ರಂಥಗಳು ನಿಂತುದಕ್ಕೆ ಈ ನಾಡಿನ ಕುಟುಂಬಪದ್ಧತಿಯೂ ಕಾರಣ. ಇಲ್ಲಿಯ ಶ್ರಾವಕರಲ್ಲಿ ಅಳಿಯಸಂತಾನ ರೂಢಿಯಲ್ಲಿದ್ದಿತು. ಮನೆಯೂ ಭೂಮಿಯೂ ಹೆಣ್ಣಿನ ಸಂತತಿಗೆ ಸೇರಿದ್ದು, ಯಜಮಾನನು ಆಡಳಿತ ಮಾಡತಕ್ಕವನೇ ಹೊರತು ಪಾಲುಮಾಡತಕ್ಕವನಲ್ಲ. ಮನೆ ಪಾಲಾಗದಿದ್ದುದರಿಂದ ಅಟ್ಟದ ಮೇಲಿನ ಪೆಟ್ಟಿಗೆಯೂ ಪಾಲಾಗಲಿಲ್ಲ. ಇಂದ್ರರಲ್ಲಿ ಮಕ್ಕಳಸಂತಾನವಿದ್ದು ಪೂಜಾವಿಧಿಯ ಓಲೆಗಳು ತಂದೆಯಿಂದ ಮಗನಿಗೆ ಬಂದವು. ಆದುದರಿಂದ ಪ್ರತಿಷ್ಠಾತಿಲಕದಂತಹ ಗ್ರಂಥಗಳ ಪರಂಪರೆಯನ್ನು ಹುಡುಕುವವನು ಇಂದ್ರರ ವಂಶಾವಳಿಯನ್ನೂ, ಕಾವ್ಯಗಳ ಪರಂಪರೆಯನ್ನು ಹುಡುಕುವವನು ಬೀಡುಗಳ ಹೆಣ್ಣುಮಕ್ಕಳ ವಂಶಾವಳಿಯನ್ನೂ ತಿಳಿದಿರಬೇಕಾಗುತ್ತದೆ.

ಮದ್ರಾಸ್ ಸರಕಾರದ 1949ರ ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿ ಒಕ್ಕಲುಗಳದಾಯಿತು. ಈ ಕಾಯಿದೆಗಳ ನ್ಯಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ಉತ್ತವನಿಗೆ ಭೂಮಿ ಸೇರಿದುದು ಧರ್ಮವೇ ಸರಿ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಮನೆಗಳು ಆಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸುವ, ಪಕ್ಕಾಸು ಬದಲಿಸುವ ಶಕ್ತಿಯನ್ನು ಕಳೆದುಕೊಂಡವೆಂಬುದು ಚರಿತ್ರೆಯ ಸಂಗತಿ. ಹಿರಿಯರು ಊರಿನಲ್ಲಿ, ಕಿರಿಯರು ಮುಂಬಯಿ ಬೆಂಗಳೂರುಗಳಲ್ಲಿ. ಒಂದು ಹೆಂಚು ಜಾರಿದರೆ ಒಂದು ಮಳೆಗಾಲದಲ್ಲಿ ಅಟ್ಟ ನೆನೆಯುತ್ತದೆ, ಮುಂದಿನ ಮಳೆಗಾಲಕ್ಕೆ ಒರಲೆ ಬರುತ್ತದೆ. ಇನ್ನೊಂದು ಕಾರಣವನ್ನು ನಾನು ಕಂಡಂತೆ ಹೇಳುತ್ತೇನೆ. ಅನೇಕ ಮನೆಗಳಲ್ಲಿ ಓಲೆಯ ಕಟ್ಟುಗಳನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಸೌದೆಯ ಹೊಗೆ ಅಲ್ಲಿಗೆ ತಾಗಿ ಹುಳು ಬೀಳುತ್ತಿರಲಿಲ್ಲ. ಅನಿಲದ ಒಲೆ ಬಂದು ಹೊಗೆ ನಿಂತಿತು. ಮನೆಯ ಹೆಂಗಸರಿಗೆ ಅದು ಸುಖವೇ ಆಯಿತು. ಓಲೆಗಳಿಗೆ ಮಾತ್ರ ರಕ್ಷಣೆ ಹೋಯಿತು. ಶ್ರುತಪಂಚಮಿಯ ದಿನ ಅವನ್ನು ಇಳಿಸಿ, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟುವ ಸಂಪ್ರದಾಯವಾದರೂ ಉಳಿದಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ.

ಈ ಗ್ರಂಥಗಳ ಸೂಚಿಯ ವಿಚಾರದಲ್ಲಿ ನಾವೆಲ್ಲರೂ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳಿಗೆ ಋಣಿಗಳು. ಆರಾದ ಜೈನ ಸಿದ್ಧಾಂತ ಭವನದಲ್ಲಿ ಸೇವೆ ಸಲ್ಲಿಸಿ ಅನುಭವ ಪಡೆದ ಅವರು ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಮೂಡಬಿದಿರೆಯ ಜೈನಮಠ, ಜೈನಭವನ, ಸಿದ್ಧಾಂತ ಬಸದಿ, ಕಾರ್ಕಳದ ಜೈನಮಠ, ಅಳಿಯೂರಿನ ಆದಿನಾಥ ಗ್ರಂಥಭಂಡಾರ ಇವುಗಳ ಓಲೆಗಳನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಯಾವ ಪ್ರತಿ ಯಾವ ಭಂಡಾರದ್ದೆಂಬುದನ್ನು ಅವರು ಬೆರೆಸಲಿಲ್ಲ. ಅಳಿಯೂರಿನಂತಹ ಚಿಕ್ಕ ಊರಿನ ಭಂಡಾರವನ್ನು ಮೂಡಬಿದಿರೆಯದರೊಳಗೆ ಲೀನಮಾಡಲಿಲ್ಲ. ಸೂಚಿ ಹೊರಬಂದ ಮರುವರ್ಷವೇ ಪಾಲಿನ ಕಾಯಿದೆ ಬಂದಿತೆಂಬುದನ್ನು ನೆನೆದಾಗ ಆ ಕಾರ್ಯ ಸಕಾಲದಲ್ಲಿ ನಡೆಯಿತೆನಿಸುತ್ತದೆ. ಅನಂತರ ಮನೆಗಳಿಂದ ಸಂಗ್ರಹಾಲಯಗಳಿಗೆ ಬಂದ ಓಲೆಗಳ ವಿಷಯದಲ್ಲಿ ಎಲ್ಲ ಕಡೆಯೂ ಈ ಎಚ್ಚರ ಉಳಿಯಲಿಲ್ಲ. ‘ದಾನವಾಗಿ ಬಂದುದು’ ಎಂದು ಬರೆದು ಮನೆಯ ಹೆಸರನ್ನು ಬಿಟ್ಟ ನಮೂದುಗಳನ್ನು ನಾನೇ ಕಂಡಿದ್ದೇನೆ.

ಇದರಿಂದಾಗುವ ನಷ್ಟ ಎಂತಹುದೆಂಬುದಕ್ಕೆ ನನ್ನ ಅನುಭವದ ಒಂದು ಪ್ರಸಂಗವನ್ನು ನಿವೇದಿಸುತ್ತೇನೆ. ಮನೆಯವರ ಇಚ್ಛೆಯಂತೆ ಹೆಸರನ್ನು ಹೇಳುವುದಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಮೂಡಬಿದಿರೆಗೆ ಸಮೀಪದ ಒಂದು ಹಳೆಯ ಬೀಡಿನಿಂದ ನನಗೆ ಕರೆ ಬಂದಿತು. ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವವರಿದ್ದರು. ಅಷ್ಟರಲ್ಲಿ ಕೆಲಸದವರು ಎರಡು ಬುಟ್ಟಿ ಓಲೆಯನ್ನು ಕಸವೆಂದು ತಿಳಿದು ಸುಟ್ಟಿದ್ದರು. ಯಜಮಾನರು ವೃದ್ಧರು, ‘ಅಣ್ಣ, ನೀವು ಒಂದು ವಾರ ಮೊದಲು ಬರಬೇಕಿತ್ತು’ ಎಂದು ಕಣ್ಣೀರಿಟ್ಟರು. ಭತ್ತದ ಪತ್ತಾಯದೊಳಗೆ ಹನ್ನೊಂದು ಕಟ್ಟುಗಳು ದೊರೆತವು. ಮೂರು ಪೂರ್ತಿ ಹುಡಿಯಾಗಿದ್ದವು. ಉಳಿದವುಗಳಲ್ಲಿ ರತ್ನಾಕರವರ್ಣಿಯ ಭರತೇಶ ವೈಭವದ ಒಂದು ಸುಂದರ ಪ್ರತಿಯಿದ್ದಿತು. ಆದರೆ ಅದರಲ್ಲಿ ಭೋಗವಿಜಯ, ದಿಗ್ವಿಜಯಗಳೆರಡೇ. ಯೋಗ, ಅರ್ಕಕೀರ್ತಿ, ಮೋಕ್ಷ ವಿಜಯಗಳಿಲ್ಲ. ಆದುದರಿಂದ ಲಿಪಿಕಾರನ ಅಂತ್ಯಪ್ರಶಸ್ತಿಯೂ ಇಲ್ಲ. ನಾನು ‘ಅಪೂರ್ಣ’ವೆಂದು ಬರೆದುಕೊಂಡೆ.

ಆ ದಿನ ಉಪ್ಪರಿಗೆಗೆ ಹತ್ತಿದಾಗ ಅಲ್ಲಿಯ ಚೈತ್ಯಾಲಯದ ಬಾಗಿಲವಾಡದ ಮೇಲ್ಹಲಗೆಯಲ್ಲಿ ಒಂದು ಸಾಲು ಅಕ್ಷರ ಕೊರೆದುದನ್ನು ಕಂಡೆನು. ಬಣ್ಣ ಬಳಿದುಬಳಿದು ಮುಚ್ಚಿಹೋಗಿತ್ತು. ನಾನು ಓಲೆಗಾಗಿ ಹೋದವನು, ಹಲಗೆಯನ್ನು ಪ್ರತಿಮಾಡಿಕೊಳ್ಳಲಿಲ್ಲ. ಸಂಜೆಯ ಹೊತ್ತಾಗಿತ್ತು, ಬಸ್ಸಿಗೆ ತಡವಾಗುತ್ತಿತ್ತು. ಇದೇ ನಾನು ಒಪ್ಪಿಕೊಳ್ಳಬೇಕೆಂದ ತಪ್ಪು.

ಹಲವು ವರ್ಷಗಳು ಕಳೆದ ಮೇಲೆ ಬೇರೊಂದು ಸಂಗ್ರಹದಲ್ಲಿ ಭರತೇಶ ವೈಭವದ ಕೊನೆಯ ಮೂರು ವಿಜಯಗಳುಳ್ಳ ಪ್ರತಿಯೊಂದು ಕೈಗೆ ಬಂದಿತು. ಅಲ್ಲಿಯೂ ‘ಅಪೂರ್ಣ, ದಾನವಾಗಿ ಬಂದುದು’ ಎಂಬ ನಮೂದು. ಅಕ್ಷರದ ತಿರುವು, ಓಲೆಯ ಉದ್ದಗಲ, ದಾರದ ರಂಧ್ರಗಳ ಅಂತರ, ಪತ್ರಸಂಖ್ಯೆ ಎಲ್ಲವನ್ನೂ ನನ್ನ ಟಿಪ್ಪಣಿಯೊಡನೆ ಹೋಲಿಸಿ ನೋಡಿದೆ. ಮೊದಲನೆಯ ಕಟ್ಟು ನಿಂತ ಪತ್ರಸಂಖ್ಯೆಯ ಮುಂದಿನದರಿಂದಲೇ ಇದು ಆರಂಭವಾಗುತ್ತದೆ. ವಿಚಾರಿಸಿದಾಗ ತಿಳಿದುದಿಷ್ಟು: ಆ ಬೀಡು ಎರಡು ಕವರುಗಳಾಗಿ ಪಾಲಾದಾಗ ಪಾತ್ರೆ ಪರಡಿಗಳಂತೆ ಪುಸ್ತಕದ ಕಟ್ಟನ್ನೂ ಎರಡು ಮಾಡಿದ್ದರು. ಹಂಚಿದವರು ಓಲೆಗಳ ಎಣಿಕೆಯಿಂದಲ್ಲದೆ ವಿಜಯಗಳ ಮೇರೆಯಿಂದ ಹಂಚಿದ್ದಾರೆ. ಕಾವ್ಯವನ್ನು ಬಲ್ಲವರೇ ಆಗಿರಬೇಕು.

ಈ ಉತ್ತರಾರ್ಧದ ಕೊನೆಯಲ್ಲಿ ಪ್ರಶಸ್ತಿ ಇದೆ. ಅದರ ಸಾರವೇನೆಂದರೆ: ಆ ಮನೆಯ ಹೆಣ್ಣುಮಗಳೊಬ್ಬಳು ತಾನು ಕೈಗೊಂಡ ನೋಂಪಿಯ ಉದ್ಯಾಪನೆಯಲ್ಲಿ ಶಾಸ್ತ್ರದಾನಾರ್ಥವಾಗಿ ಇದನ್ನು ಬರೆಸಿದಳು, ಉಪ್ಪರಿಗೆಯ ಚೈತ್ಯಾಲಯವು ಪ್ರತಿಷ್ಠೆಯಾದ ಮರುವರ್ಷ, ಶೋಭಕೃತು ಸಂವತ್ಸರದಲ್ಲಿ, ಅದೇ ಚೈತ್ಯಾಲಯದಲ್ಲಿ ಕುಳಿತು ಲಿಪಿಕಾರನು ಮುಗಿಸಿದನು. ಶಕವರ್ಷದ ಸಂಖ್ಯೆಯಿದ್ದ ಓಲೆಯ ಅಂಚು ಒರಲೆಗೆ ಆಹುತಿಯಾಗಿದೆ. ಶೋಭಕೃತು ಅರುವತ್ತು ವರ್ಷಗಳಿಗೊಮ್ಮೆ ಬರತಕ್ಕದ್ದು. ಕ್ರಿ.ಶ. 1723, 1783, 1843 ಈ ಮೂರರಲ್ಲಿ ಯಾವುದೂ ಆಗಬಹುದು. ಅಕ್ಷರದ ರೂಪವನ್ನು ನೋಡಿ ನಾನು 1783ರ ಕಡೆಗೆ ಒಲಿಯುತ್ತೇನೆ. ಆದರೆ ಅದು ಊಹೆ. ಚೈತ್ಯಾಲಯದ ಬಾಗಿಲವಾಡದಲ್ಲಿ ಕೊರೆದ ಸಾಲು ಪ್ರತಿಷ್ಠೆಯ ಕಾಲವನ್ನು ಹೇಳುವುದಾಗಿದ್ದರೆ, ಅದರಲ್ಲಿ ಶುಭಕೃತು ಸಂವತ್ಸರದೊಡನೆ ಶಕಸಂಖ್ಯೆಯೂ ಇರಬೇಕಾಗಿತ್ತು. ಒಂದೇ ಓದಿನಲ್ಲಿ ವಿಷಯ ನಿಶ್ಚಯವಾಗುತ್ತಿತ್ತು. ಮನೆ ಕೆಡವಿದ ಮೇಲೆ ಕಂಬಗಳನ್ನೂ ಬಾಗಿಲುಗಳನ್ನೂ ಹಳೆಯ ಮರದ ವ್ಯಾಪಾರಿಯೊಬ್ಬನು ಕೊಂಡುಹೋದನು. ಅವನನ್ನು ಹುಡುಕಿ ಹೋದೆನು. ಅವನು ಅವನ್ನು ಮಾರಿ ವರ್ಷಗಳಾಗಿದ್ದವು.

ಅದು ಯಾವುದಾದರೂ ಉಪಾಹಾರಮಂದಿರದ ಬಾಗಿಲಾಗಿ ನಿಂತಿರಬಹುದೆಂದು ಕೆಲವೊಮ್ಮೆ ಎನಿಸುತ್ತದೆ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈ ಅವರು ಹಸ್ತಶಿಲ್ಪದ ಮೂಲಕ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿ ನಿಲ್ಲಿಸಿದುದು ಮಹತ್ಕಾರ್ಯ. ಆದರೆ ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ. ಪ್ರಾಚೀನ ಸ್ಮಾರಕಗಳ ಕಾಯಿದೆಯಿಂದ ಕಾರ್ಕಳದ ಚತುರ್ಮುಖ ಬಸದಿಗೆ ರಕ್ಷಣೆಯಿದೆ. ಜನರು ವಾಸಿಸುವ ಮನೆಗಳು ಇಂತಹ ಪಟ್ಟಿಗಳಿಗೆ ಸೇರುವುದು ಅಪರೂಪ. ಮನೆಯ ಒಡೆಯರನ್ನು ದೂಷಿಸುವುದೂ ಸರಿಯಲ್ಲ. ಸೋರುವ ಮಾಡಿನ ಕೆಳಗೆ ಮಲಗುವವರು ಅವರು, ನಾವಲ್ಲ.

ಆದರೆ ನಮ್ಮ ಕೈಯಲ್ಲಿರುವುದು ಒಂದಿದೆ. ಓಲೆಯನ್ನು ನೋಡಲು ಮನೆಗೆ ಹೋದವರು ಮನೆಯನ್ನೂ ನೋಡಿ ಬರಬೇಕು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಗ್ರಂಥದ ಹೆಸರು, ಕರ್ತೃ, ಪತ್ರಸಂಖ್ಯೆ, ಲಿಪಿ, ಭಾಷೆಗಳನ್ನು ಬರೆದುಕೊಳ್ಳುವ ಅಭ್ಯಾಸ ನಮಗೆ ಚೆನ್ನಾಗಿ ಆಗಿದೆ. ಅದರೊಡನೆ ಮನೆಯ ಹೆಸರು, ಕವರಿನ ಹೆಸರು, ಕಟ್ಟು ಇದ್ದ ಸ್ಥಳ ಅಟ್ಟವೋ ಪತ್ತಾಯವೋ ಚೈತ್ಯಾಲಯವೋ ಎಂಬುದು, ಬಾಗಿಲವಾಡದಲ್ಲಿಯೂ ತೊಲೆಯಲ್ಲಿಯೂ ಇರುವ ಬರಹ, ಪಾಲು ನಡೆದ ವರ್ಷ, ಇನ್ನೊಂದು ಪಾಲು ಹೋದ ಊರು ಇವನ್ನೂ ಬರೆದಿಟ್ಟರೆ, ಇಂದು ‘ಅಪೂರ್ಣ’ವೆಂದು ಕಪಾಟಿನಲ್ಲಿ ಬಿದ್ದಿರುವ ಕೆಲವು ಪ್ರತಿಗಳಾದರೂ ತಮ್ಮ ಉಳಿದರ್ಧವನ್ನು ಕೂಡಬಲ್ಲವು. ಸಂಗ್ರಹಾಲಯಗಳ ಹಳೆಯ ದಾನಪತ್ರಗಳೂ ಆಗಮನದ ಪುಸ್ತಕಗಳೂ ಇನ್ನೂ ಇರುವಲ್ಲಿ ಅವುಗಳಿಂದ ಮನೆಯ ಹೆಸರುಗಳನ್ನು ಎತ್ತಿಕೊಳ್ಳಬಹುದು. ಭರತೇಶ ವೈಭವದ ಆ ಎರಡು ಅರ್ಧಗಳಲ್ಲಿಯೂ ಒಂದರ ವಿವರವನ್ನು ಇನ್ನೊಂದರ ಕಟ್ಟಿನಲ್ಲಿ ಚೀಟಿಯಾಗಿ ಬರೆದಿರಿಸಿದ್ದೇನೆ. ಕಾಲದ ಸ್ಥಾನದಲ್ಲಿ ಶೋಭಕೃತು ಎಂದಷ್ಟೇ ಬರೆದು ಮುಂದೆ ಬಿಡುವು ಬಿಟ್ಟಿದ್ದೇನೆ.

ಕಳೆದ ಬೇಸಗೆಯಲ್ಲಿ ಇನ್ನೊಂದು ಬೀಡಿಗೆ ಹೋಗುವ ಪ್ರಸಂಗ ಬಂದಿತು. ಹೆಂಚು ಇಳಿಸುತ್ತಿದ್ದರು. ಈ ಸಲ ಮೊದಲು ಬಾಗಿಲವಾಡದ ಅಕ್ಷರಗಳ ಮೇಲೆ ಕಾಗದವಿಟ್ಟು ಪಡಿಯಚ್ಚು ತೆಗೆದುಕೊಂಡು ಆಮೇಲೆ ಏಣಿ ಹತ್ತಿದೆನು. ಅಟ್ಟದಲ್ಲಿ ಓಲೆಯ ಒಂದು ಕಟ್ಟೂ ಇರಲಿಲ್ಲ. ಹಿಂದೆ ಯಾರೋ ಒಯ್ದರೆಂದು ಮನೆಯ ಅಮ್ಮನವರು ಹೇಳಿದರು, ಯಾರೆಂದು ಅವರಿಗೆ ನೆನಪಿಲ್ಲ. ಪಡಿಯಚ್ಚನ್ನು ಮನೆಯ ಹೆಸರಿನೊಡನೆ ಕಡತದಲ್ಲಿ ಸೇರಿಸಿದ್ದೇನೆ.